ಸೇಂದಿಯ ಗಡಿಗೆಯಲ್ಲಿ ಸಿಹಿಯ ಅಳತೆ

ಈಚಲು ಮರದ ಸಿಹಿ ರಸ ಕೆಲವೇ ಗಂಟೆಗಳಲ್ಲಿ ನೊರೆಯುಕ್ಕುವ ಸೇಂದಿಯಾಗುವುದು ಮುಖ್ಯವಾಗಿ ಯೀಸ್ಟ್ ಎಂಬ ಏಕಕೋಶ ಜೀವಿಯ ಕೈಚಳಕ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ಸೀಮೆಯಲ್ಲಿ ಈ ರಸ ಇಳಿಸುವುದು ಈಡಿಗರ ಪರಂಪರೆಯ ಕಸುಬು.

ರಸದಲ್ಲಿರುವ ಸಕ್ಕರೆ ಹೆಚ್ಚಾಗಿ ಸುಕ್ರೋಸ್. ಯೀಸ್ಟ್ ಇನ್ವರ್ಟೇಸ್ ಎಂಬ ಕಿಣ್ವವನ್ನು ಹೊರಬಿಟ್ಟು ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕೋಶದ ಪೊರೆಯಲ್ಲಿ ಎರಡು ಕಾವಲು ಪ್ರೋಟೀನುಗಳಿವೆ. ಗ್ಲೂಕೋಸ್ ಹೇರಳವಾಗಿದ್ದಾಗ ಆರ್‌ಜಿಟಿ2, ವಿರಳವಾಗಿದ್ದಾಗ ಎಸ್‌ಎನ್‌ಎಫ್3 ಸುಳಿವು ಹಿಡಿಯುತ್ತದೆ. ಅವು ಸಕ್ಕರೆಯನ್ನು ಒಳಗೆ ಸಾಗಿಸುವುದಿಲ್ಲ, ಸುದ್ದಿಯನ್ನಷ್ಟೇ ಮುಟ್ಟಿಸುತ್ತವೆ. ಸುದ್ದಿ ತಲುಪಿದ ಮೇಲೆ ತಕ್ಕ ಸಾಗಣೆ ಪ್ರೋಟೀನುಗಳ ತಯಾರಿ ಶುರುವಾಗುತ್ತದೆ.

ಗ್ಲೂಕೋಸ್ ತುಂಬಿದ್ದರೆ ಮಿಗ್1 ಎಂಬ ಪ್ರೋಟೀನು ಕೋಶಕೇಂದ್ರವನ್ನು ಸೇರಿ, ಬೇರೆ ಆಹಾರ ಬಳಸಲು ಬೇಕಾದ ವಂಶವಾಹಿಗಳನ್ನು ಅದುಮಿಡುತ್ತದೆ. ಆಗ ಆಮ್ಲಜನಕವಿದ್ದರೂ ಯೀಸ್ಟ್ ಮದ್ಯಸಾರವನ್ನೇ ಮಾಡುತ್ತದೆ. ಗ್ಲೂಕೋಸ್ ತೀರುತ್ತ ಬಂದಂತೆ ಎಸ್‌ಎನ್‌ಎಫ್1 ಕಿಣ್ವ ಎಚ್ಚೆತ್ತು ಮಿಗ್1 ಅನ್ನು ಹೊರಗಟ್ಟುತ್ತದೆ. ಗಾಳಿ ಸಿಕ್ಕರೆ ಕೋಶ ಉಸಿರಾಟಕ್ಕೆ ತಿರುಗಿ, ತಾನು ಮಾಡಿದ ಮದ್ಯಸಾರವನ್ನೇ ಉಣ್ಣುತ್ತದೆ.

ನರವಿಲ್ಲ, ನಾಲಿಗೆಯಿಲ್ಲ, ಮಿಲಿಮೀಟರಿನ ಸುಮಾರು 200ರಲ್ಲೊಂದು ಭಾಗದಷ್ಟಿರುವ ಈ ಜೀವಿ ಸಿಹಿಯನ್ನು ಅಳೆದು ಬಾಳುವ ಬಗೆ ನಿಸರ್ಗದ ಅತಿ ನಾಜೂಕಿನ ಕುಶಲ ಕೆಲಸಗಳಲ್ಲೊಂದು.