ಚಿತ್ರದ ಕುದುರೆಯ ಸವಾರಿ

ಯಂತ್ರದ ಆಟವೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ಕಲೆಯ ಮೂಲ ಅನುಕರಣ ಎಂಬ ವಾದ ನಮ್ಮಲ್ಲೂ ಇದೆ, ಪಶ್ಚಿಮದಲ್ಲೂ ಇದೆ. ಹೀಗಿರುವಾಗ, ಅನುಕರಣವನ್ನೇ ಹೆಸರಾಗಿ ಹೊತ್ತ ಒಂದು ಪ್ರಕಾರವನ್ನು ವಿಮರ್ಶಕನು ಕಣ್ಣೆತ್ತಿ ನೋಡದಿರುವುದು ನ್ಯಾಯವಲ್ಲ. ಫ್ಲೈಟ್ ಸಿಮ್ಯುಲೇಟರ್ ಎಂದರೆ ಹಾರಾಟದ ಅನುಕರಣ. ಅದರಲ್ಲಿಯೂ ಅತ್ಯಂತ ಕಠಿನವೆಂದು ಹೆಸರಾದುದು, ಕಡಲಿನಲ್ಲಿ ಸಾಗುತ್ತಿರುವ ವಿಮಾನವಾಹಕ ನೌಕೆಯ ಮೇಲೆ ಇಳಿಯುವ ಪ್ರಸಂಗ. ಎರಡು ಆಟಗಳು ಅದನ್ನು ಹೇಗೆ ನಿರ್ವಹಿಸಿವೆ ಎಂಬುದಷ್ಟೇ ಇಲ್ಲಿಯ ವಿಚಾರ.

ಈ ಯಂತ್ರದ ಹುಟ್ಟೇ ಕುತೂಹಲಕರವಾದುದು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಇದನ್ನು ಮೊದಲು ರೂಪಿಸಿದನು. ಅವನ ಮನೆತನದ್ದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ವಾದ್ಯಕ್ಕೆ ಗಾಳಿಯೂದುವ ತಿದಿಗಳನ್ನೇ ಹೂಡಿ, ನೆಲ ಬಿಟ್ಟು ಏಳದ ಪುಟ್ಟ ವಿಮಾನವೊಂದು ಓಲಾಡುವಂತೆ ಮಾಡಿದನು. ಮೊದಮೊದಲು ಅದು ಮಾರಾಟವಾದದ್ದು ಜನರ ವಿನೋದದ ಉದ್ಯಾನಗಳಿಗೆ. 1934ರಲ್ಲಿ ಅಂಚೆ ಹೊತ್ತ ಸೇನೆಯ ವಿಮಾನಗಳು ಕೆಟ್ಟ ಹವೆಯಲ್ಲಿ ಬಿದ್ದು ವೈಮಾನಿಕರು ಸತ್ತ ಮೇಲೆ, ಸೇನೆ ಅಂಥ ಆರು ಯಂತ್ರಗಳನ್ನು ಕೊಂಡಿತು. ಆಟಿಕೆಯೇ ಪಾಠಶಾಲೆಯಾಯಿತು.

ಇನ್ನು ಅನುಕರಣಕ್ಕೆ ಒಳಗಾದ ಮೂಲವಸ್ತುವನ್ನು ನೋಡೋಣ. 1911ರ ಜನವರಿ 18ರಂದು ಯೂಜೀನ್ ಈಲಿ ಎಂಬಾತ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯ ಎಂಬ ಯುದ್ಧನೌಕೆಯ ಮೇಲೆ ಇಳಿದನು. ಮರದ ಅಟ್ಟ, ಅದರ ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗಗಳು, ಹಗ್ಗಗಳ ತುದಿಗೆ ಮರಳಿನ ಚೀಲಗಳು. ವಿಮಾನದ ಕೊಕ್ಕೆ ಅವಕ್ಕೆ ಸಿಕ್ಕಿ ನಿಂತಿತು. ತತ್ತ್ವ ಇಂದಿಗೂ ಅದೇ. ಮರಳಿನ ಚೀಲ ಹೋಗಿ ಉಕ್ಕಿನ ಹಗ್ಗ ಬಂದಿದೆ. ಆದರೆ ಈಗ ನೌಕೆ ನಿಂತಿರುವುದಿಲ್ಲ. ಅಮೆರಿಕದ ದೊಡ್ಡ ನೌಕೆಗಳಲ್ಲಿ ಇಳಿಯುವ ಹಾದಿ ಸುಮಾರು 9 ಡಿಗ್ರಿ ಎಡಕ್ಕೆ ಓರೆಯಾಗಿದೆ. ನೌಕೆ ಮುಂದುವರಿದಂತೆಲ್ಲ ಆ ಹಾದಿ ವೈಮಾನಿಕನ ಕಣ್ಣೆದುರು ಬಲಕ್ಕೆ ಸರಿಯುತ್ತಲೇ ಇರುತ್ತದೆ. ಅವನು ಡೆಕ್ಕಿನ ಮೇಲೆ ದೃಷ್ಟಿ ನೆಡಬಾರದು. ಹಾದಿಯ ಪಕ್ಕದಲ್ಲಿ ಉರಿಯುವ ದೀಪದ ಗುಂಡನ್ನು ಗಮನಿಸುತ್ತಿರಬೇಕು. ಅದು ಹಸಿರು ದೀಪಗಳ ಸಾಲಿಗಿಂತ ಮೇಲೆ ಕಂಡರೆ ಎತ್ತರ ಹೆಚ್ಚು, ಕೆಳಗೆ ಕಂಡರೆ ಕಡಮೆ. ಚಕ್ರಗಳು ಡೆಕ್ಕನ್ನು ಮುಟ್ಟಿದೊಡನೆ ವೇಗ ತಗ್ಗಿಸುವುದಲ್ಲ, ಎಂಜಿನ್ನಿಗೆ ಪೂರ್ಣ ಶಕ್ತಿ ಕೊಡಬೇಕು. ಕೊಕ್ಕೆ ತಪ್ಪಿದರೆ ಮತ್ತೆ ಹಾರಿಹೋಗಬೇಕಲ್ಲ! ನಿಲ್ಲಬಯಸುವವನು ಹೊರಡುವುದಕ್ಕೂ ಸಿದ್ಧನಾಗಿರಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವೈಮಾನಿಕರ ಎದೆಬಡಿತವನ್ನು ಅಳೆದು ನೋಡಿದಾಗ, ಬಾಂಬು ಹಾಕುವಾಗ ಇದ್ದುದಕ್ಕಿಂತ ನೌಕೆಗೆ ಮರಳಿ ಇಳಿಯುವಾಗ ಅದು ಹೆಚ್ಚಾಗಿದ್ದುದು ಕಂಡುಬಂತು.

ಕುರ್ಚಿಯ ಮೇಲೆ ಕುಳಿತವನಿಗೆ ಈ ಭಯವನ್ನು ತಂದುಕೊಡುವುದು ಹೇಗೆ? ಜಪಾನಿನ ಕೊನಾಮಿ ಸಂಸ್ಥೆ 1987ರಲ್ಲಿ ನಿಂಟೆಂಡೊ ಯಂತ್ರಕ್ಕಾಗಿ ಹೊರತಂದ 'ಟಾಪ್ ಗನ್' ಎಂಬ ಆಟ, ನೌಕೆಯ ಮೇಲೆ ಇಳಿಯುವ ಕಷ್ಟಕ್ಕಾಗಿಯೇ ಇಂದಿಗೂ ಆಡಿದವರ ನೆನಪಿನಲ್ಲಿ ಉಳಿದಿದೆ. ಮೇಲಕ್ಕೆ, ಬಲಕ್ಕೆ, ವೇಗ ಹೆಚ್ಚಿಸು ಎಂದು ಪರದೆಯ ಮೇಲೆ ಆಜ್ಞೆಗಳು ಮೂಡುತ್ತವೆ. ಆಡುವವನು ಬೆವರುತ್ತ ಪಾಲಿಸುತ್ತಾನೆ. ಆದರೆ ನೌಕೆಯನ್ನು ಮುಟ್ಟುವ ಕ್ಷಣ ಬಂದಾಗ ಆಟ ಅವನ ಕೈಯಿಂದ ವಿಮಾನವನ್ನು ಕಸಿದುಕೊಳ್ಳುತ್ತದೆ. ಹೊರಗಿನಿಂದ ಕಾಣುವ ಒಂದು ಚಿತ್ರದಲ್ಲಿ ವಿಮಾನ ಇಳಿಯುತ್ತದೆ, ಇಲ್ಲವೆ ನಾಶವಾಗುತ್ತದೆ. ನಾಟಕದ ಮುಖ್ಯ ದೃಶ್ಯವನ್ನು ದೂತನ ಬಾಯಲ್ಲಿ ಹೇಳಿಸಿದಂತಾಯಿತು. ಇಲ್ಲಿ ಕಷ್ಟವಿದೆ, ಅನುಭವವಿಲ್ಲ.

2020ರಲ್ಲಿ ಈಗಲ್ ಡೈನಮಿಕ್ಸ್ ಸಂಸ್ಥೆ ತನ್ನ ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿಗೆ ಸೇರಿಸಿದ 'ಸೂಪರ್‌ಕ್ಯಾರಿಯರ್' ಬೇರೆಯೇ ಜಾತಿಯ ಕೃತಿ. ಸರಿಯುವ ಹಾದಿ, ದೀಪದ ಗುಂಡು, ಕೈಸನ್ನೆ ಮಾಡುವ ಡೆಕ್ಕಿನ ಕೆಲಸಗಾರರು ಎಲ್ಲವೂ ಅಲ್ಲಿವೆ. ನಾನೂ ಹಲವು ಸಂಜೆ ಅದರ ಮುಂದೆ ಕುಳಿತು, ಲೆಕ್ಕವಿಲ್ಲದಷ್ಟು ಸಲ ಕಡಲುಪಾಲಾಗಿದ್ದೇನೆ. ಕಡೆಗೊಮ್ಮೆ ಕೊಕ್ಕೆ ಸಿಕ್ಕಿ ವಿಮಾನ ನಿಂತಿತು. ನನ್ನ ಹಿಗ್ಗು ಇಳಿಯುವ ಮೊದಲೇ ತೀರ್ಪು ಬಂತು: ಸಾಧಾರಣಕ್ಕಿಂತ ಕಡಮೆ. ಡೆಕ್ಕಿನ ಅಂಚಿನಲ್ಲಿ ನಿಂತ ಲ್ಯಾಂಡಿಂಗ್ ಸಿಗ್ನಲ್ ಆಫೀಸರ್ ಪ್ರತಿಯೊಂದು ಇಳಿತಕ್ಕೂ ದರ್ಜೆ ಕೊಡುತ್ತಾನೆ. ಬದುಕಿ ಬಂದದ್ದು ಅವನಿಗೆ ಸಾಲದು. ಹೇಗೆ ಬಂದೆ ಎಂಬುದು ಅವನ ಪ್ರಶ್ನೆ. ಕವಿತೆ ಮುಗಿದದ್ದು ಬೇರೆ, ಚೆನ್ನಾದದ್ದು ಬೇರೆ ಎಂದು ಬಲ್ಲವರಿಗೆ ಈ ಅಧಿಕಾರಿಯ ಮಾತು ಹೊಸದಲ್ಲ.

ಚಿತ್ರದ ಕುದುರೆಯನ್ನು ಕಂಡವನು ಅದನ್ನು ನಿಜವೆಂದೂ ಎಣಿಸುವುದಿಲ್ಲ, ಸುಳ್ಳೆಂದೂ ತಳ್ಳುವುದಿಲ್ಲ. ನಟನನ್ನು ಪ್ರೇಕ್ಷಕನು ರಾಮನೆಂದು ಕಾಣುವುದೂ ಹಾಗೆಯೇ ಎಂದು ಶ್ರೀಶಂಕುಕ ವಾದಿಸಿದನು. ಅವನ ಪ್ರೇಕ್ಷಕನಿಗೆ ಕುದುರೆಯನ್ನು ನೋಡಿದರೆ ಸಾಕಿತ್ತು. ಸಿಮ್ಯುಲೇಟರಿನ ಪ್ರೇಕ್ಷಕನು ಚಿತ್ರದ ಕುದುರೆಯನ್ನು ಏರಬೇಕು, ಕಡಿವಾಣ ಹಿಡಿಯಬೇಕು, ಬೀಳಲೂಬೇಕು. ಬಿದ್ದವನು ಸಾಯುವುದಿಲ್ಲ ಎಂಬುದು ದೋಷವಲ್ಲ. ರಂಗದ ಮೇಲೆಯೂ ಯಾರೂ ಸಾಯುವುದಿಲ್ಲ. ಆದರೆ ಒಂದು ಕೀಲಿ ಒತ್ತಿದರೆ ಮತ್ತೆ ಆಕಾಶದಲ್ಲಿರುವವನಿಗೆ ತನ್ನ ತಪ್ಪು ಭಾರವೆನಿಸುವುದಿಲ್ಲ. ಆ ಭಾರವನ್ನು ಅಷ್ಟಿಷ್ಟಾದರೂ ಹಿಂದಕ್ಕೆ ತರುವುದು ಆ ಅಧಿಕಾರಿಯ ತೀರ್ಪು. ಅನುಕರಣಕ್ಕೆ ಸತ್ಯದ ಬಲ ಬರುವುದು ಅಪಾಯದಿಂದಲ್ಲ, ಅಳತೆಯಿಂದ.

ಕೃತಿಯ ಮಿತಿಯೂ ಅಲ್ಲಿಯೇ ಇದೆ. ನಿಜವಾದ ನೌಕೆಯ ಮೇಲೆ ಈ ಅಧಿಕಾರಿ ಸ್ವತಃ ವೈಮಾನಿಕ. ಬರುವ ವಿಮಾನ ದಾರಿ ತಪ್ಪಿದರೆ ತಾನು ಹಾರಿಕೊಳ್ಳಲೆಂದು ಅವನ ಮಗ್ಗುಲಲ್ಲಿ ಬಲೆಯೊಂದನ್ನು ಕಟ್ಟಿರುತ್ತಾರೆ. ಅವನ ವಿಮರ್ಶೆಗೆ ಅವನ ಪ್ರಾಣವೂ ಒತ್ತೆ. ಪರದೆಯ ಮೇಲಿನ ಅಧಿಕಾರಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಅವನು ತಪ್ಪನ್ನು ಎಣಿಸಬಲ್ಲ, ತಪ್ಪಿಗಾಗಿ ನಡುಗಲಾರ. ಈ ಆಟವನ್ನು 'ಥೇಟ್ ನಿಜದಂತೆಯೇ' ಎಂದು ಹೊಗಳುವವರು ಈ ಅಂತರವನ್ನು ಮರೆಯಬಾರದು.

ಹಾಗಾದರೆ ಇದರ ಪ್ರಯೋಜನವೇನು? 2020ರ ಜನವರಿ 11ರಂದು, ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ವಿಮಾನ, ಕಾರವಾರವನ್ನು ನೆಲೆಯಾಗಿ ಉಳ್ಳ ವಿಕ್ರಮಾದಿತ್ಯ ನೌಕೆಯ ಮೇಲೆ ಮೊದಲ ಬಾರಿಗೆ ಇಳಿಯಿತು. ಆ ಸುದ್ದಿಯನ್ನು ಅಂದು ನಾನೂ ಓದಿ ಪುಟ ತಿರುವಿದ್ದೆ. ಪರದೆಯ ಕಡಲಿನಲ್ಲಿ ಮುಳುಗಿ ಎದ್ದ ಮೇಲೆ ಅದೇ ಸುದ್ದಿಯನ್ನು ಹುಡುಕಿ ಓದಿದೆ. 'ಇಳಿಯಿತು' ಎಂಬ ಒಂದು ಮಾತಿನ ಬಳಿ ಬಹಳ ಹೊತ್ತು ನಿಂತೆ. ಸಹೃದಯತೆ ಅಭ್ಯಾಸದಿಂದ ಬರುತ್ತದೆಂಬುದು ಅಭಿನವಗುಪ್ತನ ಮತ. ಈ ಆಟ ನನ್ನನ್ನು ವೈಮಾನಿಕನನ್ನಾಗಿ ಮಾಡಲಿಲ್ಲ. ವೈಮಾನಿಕನ ಕೆಲಸಕ್ಕೆ ಸಹೃದಯನನ್ನಾಗಿ ಮಾಡಿತು. ಒಂದು ಕೃತಿಯಿಂದ ಇಷ್ಟು ದೊರೆತರೆ ಕಡಮೆಯೇನಲ್ಲ.