ಕರ್ಸರ್ ಎಲ್ಲಿ ನಿಲ್ಲಬೇಕು?

ಕೃಷ್ಣಾ, ಮಲಪ್ರಭಾ ನದಿಗಳು ಸೇರುವ ಕೂಡಲಸಂಗಮದ ಬಗ್ಗೆ ನೀವು ಜಾಲಪುಟವೊಂದರ ಬರಹದ ಚೌಕದಲ್ಲಿ ಇಪ್ಪತ್ತು ಸಾಲು ಬರೆದಿದ್ದೀರಿ ಎಂದುಕೊಳ್ಳಿ. ಮೂರನೆಯ ಸಾಲಿನಲ್ಲಿ 'ಕೂಡಲಗಮ' ಎಂದಾಗಿದೆ. ಅಲ್ಲಿ ಕರ್ಸರ್ ಇಟ್ಟು 'ಸ' ಒತ್ತುತ್ತೀರಿ, ಸರಿಯಾಗಿಯೇ ಮೂಡುತ್ತದೆ. ಮುಂದೆ ಸೊನ್ನೆ ಒತ್ತಿದರೆ ಅದು ಇಪ್ಪತ್ತನೆಯ ಸಾಲಿನ ಕೊನೆಗೆ ಹೋಗಿ ಅಂಟಿಕೊಳ್ಳುತ್ತದೆ!

ಇಂಥದ್ದು ಕಂಡಾಗ 'ಕನ್ನಡ ಲಿಪಿಯೇ ಗಣಕಕ್ಕೆ ತೊಡಕು' ಎನ್ನುವವರುಂಟು. ಈ ಮಾತನ್ನು ಒಪ್ಪಲಾಗದು. ಪುಟದೊಳಗೇ ಕನ್ನಡ ಕೀಲಿಮಣೆ ಒದಗಿಸುವ ಕೆಲವು ತಂತ್ರಾಂಶಗಳು ಪ್ರತಿ ಕೀಲಿಗೂ ಇಡೀ ಬರಹವನ್ನು ಹೊರತೆಗೆದು, ತಿದ್ದಿ, ಮತ್ತೆ ಚೌಕಕ್ಕೆ ತುಂಬುತ್ತವೆ. ಹೀಗೆ ಬರಹ ಬದಲಾದಾಗ ಕರ್ಸರ್ ಕೊನೆಗೆ ಹೋಗಬೇಕೆಂಬುದು ಎಚ್‌ಟಿಎಂಎಲ್ ಮಾನಕದ ನಿಯಮ. ಆದ್ದರಿಂದ ತುಂಬುವ ಮೊದಲೇ ಕರ್ಸರಿನ ಸ್ಥಾನವನ್ನು (ಸೆಲೆಕ್ಷನ್‌ಸ್ಟಾರ್ಟ್) ಮತ್ತು ಚೌಕ ಎಷ್ಟು ಸರಿದಿದೆ ಎಂಬುದನ್ನು (ಸ್ಕ್ರೋಲ್‌ಟಾಪ್) ನೆನಪಿಟ್ಟು, ಅನಂತರ ಎರಡನ್ನೂ ಮರಳಿಸಬೇಕು. ಕರ್ಸರನ್ನು ಮಾತ್ರ ಮರಳಿಸಿದರೆ ಅದು ಕಣ್ಣಿಗೆ ಕಾಣದ ಸಾಲಿನಲ್ಲಿ ಉಳಿಯಬಹುದು. ಬೇಕಾದ ಭಾಗವನ್ನಷ್ಟೇ ಬದಲಿಸುವ 'ಸೆಟ್‌ರೇಂಜ್‌ಟೆಕ್ಸ್ಟ್' ಎಂಬ ವಿಧಾನವೂ ಇದೆ. ಇದ್ದೂ ಬಳಸದಿರುವುದು ಉದಾಸೀನವಲ್ಲದೆ ಮತ್ತೇನು?

ಇನ್ನು ಎಣಿಕೆಯ ಮಾತು. 'ಕೂಡಲಸಂಗಮ' ಪದದಲ್ಲಿ ನಮಗೆ ಕಾಣುವುದು 6 ಅಕ್ಷರ. ಯೂನಿಕೋಡ್‌ನಲ್ಲಿ ದೀರ್ಘದ ಚಿಹ್ನೆಗೂ ಸೊನ್ನೆಗೂ ಪ್ರತ್ಯೇಕ ಸಂಕೇತಗಳಿರುವುದರಿಂದ ಬ್ರೌಸರಿಗೆ ಅವು 8. 'ಸಂ' ಆದ ಮೇಲಿನ ಸ್ಥಾನ ನಮ್ಮ ಲೆಕ್ಕದಲ್ಲಿ 4, ಅದರ ಲೆಕ್ಕದಲ್ಲಿ 6. ಈ ವ್ಯತ್ಯಾಸ ಅರಿಯದವರು 5 ಎಂದು ಕೊಟ್ಟರೆ ಕರ್ಸರ್ 'ಸ'ಕಾರಕ್ಕೂ ಅದರ ಸೊನ್ನೆಗೂ ನಡುವೆ ಹೋಗಿ ಕೂರುತ್ತದೆ!

ಹಾಗೆಂದು ಎಲ್ಲ ತಪ್ಪನ್ನೂ ಪುಟ ಬರೆದವರ ಮೇಲೆ ಹೊರಿಸುವುದು ನ್ಯಾಯವಲ್ಲ. 2023ರ ಯೂನಿಕೋಡ್ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಂದೇ ಘಟಕವಾಗಿ ಕಾಣುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಆ ನಿಯಮದಂತೆ 'ಕ್ಷೇತ್ರ' ಪದ ತೆಲುಗು ಲಿಪಿಯಲ್ಲಿ 2 ಘಟಕ; ಕನ್ನಡದಲ್ಲಿ ಕ್, ಷೇ, ತ್, ರ ಎಂದು 4. ಹೀಗಾದಾಗ ಬಾಣದ ಕೀಲಿ ಒತ್ತಕ್ಷರದ ನಡುವೆಯೂ ನಿಲ್ಲಬಹುದು. ಕನ್ನಡದ ಪರವಾಗಿ ಕೇಳಬೇಕಾದ ಪ್ರಶ್ನೆ ಇದು.

ಅಳಿಸುವ ಕೀಲಿಯ ವಿಷಯ ಬೇರೆ. 'ಸಂ' ಮೇಲೆ ಅದನ್ನು ಒತ್ತಿದಾಗ ಸೊನ್ನೆ ಮಾತ್ರ ಹೋಗಿ 'ಸ' ಉಳಿದರೆ ಬರೆಯುವವರಿಗೆ ಅನುಕೂಲವೇ. ಸರಿಯುವಾಗ ಅಕ್ಷರ, ಅಳಿಸುವಾಗ ಚಿಹ್ನೆ: ಈ ಭೇದ ಇರಬೇಕು.

ಶಾಲೆಯ ಗಣಕದಲ್ಲಿ ನೀವೇ ಪರೀಕ್ಷಿಸಿ. ಉದ್ದನೆಯ ಬರಹದ ನಡುವೆ 'ಸಂ' ಸೇರಿಸಿ; 'ಕ್ಷೇತ್ರ' ದಾಟಲು ಬಾಣದ ಕೀಲಿಯನ್ನು ಎಷ್ಟು ಬಾರಿ ಒತ್ತಬೇಕೆಂದು ಎಣಿಸಿ; ತಿದ್ದಿದ ಸಾಲು ಕಣ್ಣೆದುರೇ ಉಳಿಯಿತೇ ನೋಡಿ. ಉಳಿಯದಿದ್ದರೆ ವಿದ್ಯಾರ್ಥಿ ತಪ್ಪು ತಿದ್ದುವ ಗೋಜಿಗೇ ಹೋಗುವುದಿಲ್ಲ. ಕ್ರಮೇಣ ಆ ಚೌಕದಲ್ಲಿ ಕನ್ನಡ ಬರೆಯುವುದನ್ನೇ ಬಿಡುತ್ತಾನೆ. ಆ ನಷ್ಟ ಲಿಪಿಯಿಂದ ಆದುದಲ್ಲ ಎಂಬುದು ನಿಮಗಾದರೂ ತಿಳಿದಿರಲಿ.