ಜಾಪ್ಫಿನೊದ ಬಳುಕು

ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಜಾಪ್ಫ್ 1944ರಲ್ಲಿ, ಯುದ್ಧದ ನಡುವೆಯೇ, ತಮ್ಮ ಸ್ಕೆಚ್ ಪುಸ್ತಕದಲ್ಲಿ ಬರೆದಿದ್ದ ಒಂದು ಪುಟದ ಕ್ಯಾಲಿಗ್ರಫಿ ಜಾಪ್ಫಿನೊ ಫಾಂಟಿನ ಮೂಲ. ಲೈನೊಟೈಪ್ ಕಂಪನಿ ಅದನ್ನು ಹೊರತಂದದ್ದು 1998ರಲ್ಲಿ. ತಡವಾದದ್ದರಲ್ಲಿ ಆಶ್ಚರ್ಯವಿಲ್ಲ. ಸೀಸದ ಅಚ್ಚುಮೊಳೆಗೆ ತನ್ನ ಅಂಚು ದಾಟುವುದು ಕಷ್ಟ. ಜಾಪ್ಫ್ ಅವರ ಅಕ್ಷರಗಳೋ ನೆರೆಯವರ ಅಂಗಳಕ್ಕೆ ಕೈಚಾಚುವಂಥವು.

ಸಣ್ಣಕ್ಷರದ ‘ಡಿ’ಯನ್ನೇ ನೋಡಿ. ಪುಟ್ಟ ಹೊಟ್ಟೆಯಿಂದ ಹೊರಟ ಗೆರೆ ಎತ್ತರಕ್ಕೇರಿ, ಬಾಗಿ, ತುದಿಯಲ್ಲಿ ಎಳೆಯಷ್ಟು ತೆಳುವಾಗುತ್ತದೆ. ಈ ಒಂದು ಅಕ್ಷರಕ್ಕೇ ಹಲವು ರೂಪಗಳಿವೆ. ಕೈಯಲ್ಲಿ ಬರೆಯುವವರು ಒಂದಕ್ಷರವನ್ನು ಎರಡು ಸಲ ತದ್ವತ್ ಬರೆಯುವುದಿಲ್ಲವಲ್ಲ! ಆ ಸಹಜತೆಯನ್ನು ಯಂತ್ರದೊಳಗೂ ಉಳಿಸಿಕೊಂಡದ್ದು ನನಗೆ ಈ ಫಾಂಟಿನ ದೊಡ್ಡ ಸಾಧನೆಯಾಗಿ ಕಾಣುತ್ತದೆ. 2003ರಲ್ಲಿ ವಿನ್ಯಾಸಕ ಅಕಿರಾ ಕೊಬಾಯಾಶಿ ಜೊತೆಗೂಡಿ ಜಾಪ್ಫ್ ಇದನ್ನು ಇನ್ನಷ್ಟು ವಿಸ್ತರಿಸಿದರು.

ಬಳಸುವವರು ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು. ಬರೀ ದೊಡ್ಡಕ್ಷರಗಳಲ್ಲಿ ಹೆಸರು ಜೋಡಿಸಿದರೆ ಬಳುಕುಗಳೆಲ್ಲ ಸಿಕ್ಕುಗಟ್ಟಿ ಓದಲಾಗದು. ನಮ್ಮ ಇಂಗ್ಲಿಷ್ ಲಗ್ನಪತ್ರಿಕೆಗಳಲ್ಲಿ ವಧೂವರರ ಹೆಸರಿಗೆ ಇದು ಬಲು ಚೆಂದ. ಮುಹೂರ್ತ, ಛತ್ರದ ವಿಳಾಸಗಳಿಗೆ ಮಾತ್ರ ಸರಳ ಅಕ್ಷರವೇ ಇರಲಿ.